ಪದವಿಯ ಪ್ರಾಮಾಣ್ಯ

ಕೋಲಾರದ ಪ್ರಾಚೀನ ನಾಮ ಕುವಳಾಲ. ಕುವಳಾಲಪುರವರೇಶ್ವರರೆಂಬ ಬಿರುದನ್ನು ಧರಿಸಿದ ಗಂಗ ಅರಸರ ಹೆಸರಿನಲ್ಲಿ ದೊರೆತ ತಾಮ್ರಪಟಗಳು ವಿದ್ವಾಂಸರಲ್ಲಿ ದೀರ್ಘ ವಾದಕ್ಕೆ ಎಡೆಗೊಟ್ಟವು. ಬಿ.ಎಲ್. ರೈಸ್ ಅವುಗಳನ್ನು ಬಹುಮಟ್ಟಿಗೆ ನಂಬಿದರು, ಜೆ.ಎಫ್. ಫ್ಲೀಟ್ ಅನೇಕವನ್ನು ಕೂಟಶಾಸನಗಳೆಂದು ತಳ್ಳಿಹಾಕಿದರು. ಪಟದಲ್ಲಿ ಅರಸನ ಹೆಸರೂ ಮುದ್ರೆಯೂ ಇದ್ದರೆ ಸಾಲದು. ಹೇಳಿದ ಕಾಲಕ್ಕೆ ಲಿಪಿ ಹೊಂದಬೇಕು, ತಿಥಿವಾರಗಳ ಲೆಕ್ಕ ಕೂಡಬೇಕು. ಇದೇ ಪರೀಕ್ಷೆಯನ್ನು ಇಂದು ಅಂತರ್ಜಾಲದ ವಿಶ್ವವಿದ್ಯಾಲಯಗಳಿಗೂ ಒಡ್ಡಬೇಕಾಗಿದೆ.

ಕೋಲಾರ ತಾಲ್ಲೂಕಿನ ಹೋಳೂರು ಹೋಬಳಿಯಂತಹ ಕಡೆ ಈ ಪ್ರಶ್ನೆ ಕೇವಲ ಶಾಸ್ತ್ರಚರ್ಚೆಯಲ್ಲ. ಹಸು, ಹಿಪ್ಪುನೇರಳೆ, ತರಕಾರಿಯ ದುಡಿಮೆಯನ್ನು ಬಿಟ್ಟು ದಿನವೂ ಕಾಲೇಜಿಗೆ ಹೋಗಲಾರದವರಿಗೆ ಮೊಬೈಲಿನಲ್ಲಿ ಬರುವ ಸ್ನಾತಕೋತ್ತರ ಪದವಿಯ ಜಾಹೀರಾತು ದೊಡ್ಡ ಆಸೆ. ಅದು ಸುಳ್ಳಾದರೆ ಹೋಗುವುದು ಶುಲ್ಕ ಮಾತ್ರವಲ್ಲ, ಆಯುಸ್ಸಿನ ಎರಡು ಮೂರು ವರ್ಷ.

ಮೊದಲ ಪ್ರಶ್ನೆ: ದಾನಿ ಯಾರು? 1956ರ ಯುಜಿಸಿ ಕಾಯ್ದೆಯ 22ನೆಯ ಪ್ರಕರಣದಂತೆ ಪದವಿ ನೀಡುವ ಅಧಿಕಾರ ಸಂಸತ್ತಿನ ಅಥವಾ ರಾಜ್ಯದ ಶಾಸನದಿಂದ ಸ್ಥಾಪಿತವಾದ ವಿಶ್ವವಿದ್ಯಾಲಯಕ್ಕೆ, ಪರಿಗಣಿತ ವಿಶ್ವವಿದ್ಯಾಲಯಕ್ಕೆ, ಇಲ್ಲವೆ ಸಂಸತ್ತು ವಿಶೇಷವಾಗಿ ಅಧಿಕಾರವಿತ್ತ ಸಂಸ್ಥೆಗೆ ಮಾತ್ರ. ಹೆಸರು ಪ್ರಮಾಣವಲ್ಲ. ಗೋಕಾಕದ ಒಂದು 'ವರ್ಲ್ಡ್ ಓಪನ್ ಯೂನಿವರ್ಸಿಟಿ' ಬಹುಕಾಲ ಯುಜಿಸಿಯ ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿತ್ತು. ಕೆಲವೊಮ್ಮೆ ಶಾಸನವೇ ನಿಲ್ಲದು: ಛತ್ತೀಸಗಡದ 2002ರ ಕಾಯ್ದೆಯಡಿ ಹುಟ್ಟಿದ ನೂರಕ್ಕೂ ಹೆಚ್ಚು ಖಾಸಗಿ ವಿಶ್ವವಿದ್ಯಾಲಯಗಳು 2005ರಲ್ಲಿ, ಪ್ರೊ. ಯಶಪಾಲ್ ಹೂಡಿದ ಮೊಕದ್ದಮೆಯ ಸುಪ್ರೀಂ ಕೋರ್ಟ್ ತೀರ್ಪಿನಿಂದ, ಆಧಾರ ಕಳೆದುಕೊಂಡವು.

ಎರಡನೆಯ ಪ್ರಶ್ನೆ ಇನ್ನೂ ಸೂಕ್ಷ್ಮ: ಕಾಲ ಯಾವುದು? ಇದನ್ನು ಕನ್ನಡಿಗರಿಗೆ ಕಲಿಸಿದ್ದು ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದ ಪ್ರಸಂಗ. ಮೈಸೂರು ವಿಶ್ವವಿದ್ಯಾನಿಲಯದ ಅಂಚೆ ಶಿಕ್ಷಣದ ಪರಂಪರೆಯಿಂದ 1996ರಲ್ಲಿ ರೂಪುಗೊಂಡ ಈ ಸಂಸ್ಥೆ ರಾಜ್ಯ ಶಾಸನಸಭೆಯ ಕೂಸು. ಅದರ ಅಸಲಿತನದಲ್ಲಿ ಸಂದೇಹವಿರಲಿಲ್ಲ. ಆದರೂ ರಾಜ್ಯದ ಗಡಿಯಾಚೆಗೆ ಖಾಸಗಿ ಸಂಸ್ಥೆಗಳ ಮೂಲಕ ಕೋರ್ಸುಗಳನ್ನು ನಡೆಸಿತೆಂಬ ಆಕ್ಷೇಪದ ಹಿನ್ನೆಲೆಯಲ್ಲಿ, 2012-13ರ ನಂತರ ಅದಕ್ಕೆ ಮಾನ್ಯತೆಯಿಲ್ಲವೆಂದು ಯುಜಿಸಿ 2015ರ ಜೂನ್‌ನಲ್ಲಿ ಸಾರಿತು. ಆಗಲೇ ಪ್ರವೇಶ ಪಡೆದು ಓದುತ್ತಿದ್ದವರು ಅತಂತ್ರರಾದರು. 2018ರಲ್ಲಿ ಆಯ್ದ ಕೋರ್ಸುಗಳಿಗೆ ಮಾನ್ಯತೆ ಮರಳಿತು. ವಿಶ್ವವಿದ್ಯಾಲಯ ಅಸಲಿ, ಆ ವರ್ಷದ ಪದವಿಗೆ ಮಾತ್ರ ಬೆಲೆ ಅನಿಶ್ಚಿತ. 'ಈ ವಿಶ್ವವಿದ್ಯಾಲಯ ನಂಬಬಹುದೇ?' ಎಂಬ ಪ್ರಶ್ನೆಯೇ ಅಪೂರ್ಣವೆಂಬುದು ಇಲ್ಲಿ ಸ್ಪಷ್ಟ. ಯಾವ ಕೋರ್ಸು, ಯಾವ ವರ್ಷ, ಯಾವ ವಿಧಾನ ಎಂಬುವು ಸೇರಿದರೆ ಮಾತ್ರ ಅದು ಪ್ರಶ್ನೆಯಾಗುತ್ತದೆ.

ಮೂರನೆಯದು ದತ್ತವಸ್ತುವಿನ ಪ್ರಶ್ನೆ. 2020ರ ಯುಜಿಸಿ ನಿಯಮಾವಳಿ ದೂರಶಿಕ್ಷಣ ಹಾಗೂ ಆನ್‌ಲೈನ್ ಶಿಕ್ಷಣಗಳನ್ನು ಒಂದೇ ಚೌಕಟ್ಟಿಗೆ ತಂದಿತು. ಬೇರೆ ಸಂಸ್ಥೆಗೆ ಗುತ್ತಿಗೆ ಕೊಟ್ಟು ಪಾಠ ಮಾಡಿಸುವುದನ್ನು ನಿಷೇಧಿಸಿತು. ಎಂಜಿನಿಯರಿಂಗ್, ವೈದ್ಯಕೀಯ, ಕಾನೂನಿನ ಪದವಿಗಳನ್ನು ಈ ಮಾರ್ಗದಲ್ಲಿ ಕೊಡುವಂತಿಲ್ಲ. ಸಂಶೋಧಕರು ನೆನಪಿಡಬೇಕಾದುದು: ವಿದೇಶಿ ಸಂಸ್ಥೆಗಳ ಸಹಯೋಗದಲ್ಲಿ ಶಿಕ್ಷಣ ಕಂಪನಿಗಳು ಮಾರುವ ಆನ್‌ಲೈನ್ ಪಿಎಚ್.ಡಿ.ಗಳಿಗೆ ಮಾನ್ಯತೆಯಿಲ್ಲವೆಂದು 2022ರಲ್ಲಿ ಯುಜಿಸಿ ಎಚ್ಚರಿಸಿದೆ. ಇನ್ನು ಮಾನ್ಯತೆ ಪಡೆದ ಆನ್‌ಲೈನ್ ಪದವಿಯನ್ನು ಕೀಳೆಂದು ಕಾಣುವುದೂ ತಪ್ಪು. ಅದು ತರಗತಿಯ ಪದವಿಗೆ ಸಮಾನವೆಂದು ಅದೇ ವರ್ಷ ಸ್ಪಷ್ಟಪಡಿಸಲಾಗಿದೆ.

ಇದೇ ಸೀಮೆಯ ಮುಳಬಾಗಿಲಿನಲ್ಲಿ 1887ರಲ್ಲಿ ಜನಿಸಿದ ಡಿ.ವಿ. ಗುಂಡಪ್ಪನವರು ಕಾಲೇಜಿನ ಪದವಿಯಿಲ್ಲದೆ ವಿದ್ವಾಂಸರಾದರು; ಮೈಸೂರು ವಿಶ್ವವಿದ್ಯಾನಿಲಯವೇ ಅವರಿಗೆ ಗೌರವ ಡಿ.ಲಿಟ್. ಅರ್ಪಿಸಿತು. ಅವರಿಗೆ ಅವರ ಗ್ರಂಥಗಳೇ ಸಾಕ್ಷಿ. ಆದರೆ ಗ್ರಂಥಗಳ ಬೆಂಬಲವಿಲ್ಲದ ಸಾಮಾನ್ಯ ವಿದ್ಯಾರ್ಥಿಗೆ ಪದವಿಯೇ ಸಾಕ್ಷಿ. ಸಂದರ್ಶನದ ಕೊಠಡಿಯಲ್ಲಿ ಆ ಸಾಕ್ಷಿ ಕುಸಿದರೆ, ಆತನ ನಿಜವಾದ ಓದನ್ನೂ ಯಾರೂ ನಂಬುವುದಿಲ್ಲ.

ಆದ್ದರಿಂದ ಶುಲ್ಕ ಕಟ್ಟುವ ಮುನ್ನ ಯುಜಿಸಿಯ ದೂರಶಿಕ್ಷಣ ವಿಭಾಗದ ತಾಣದಲ್ಲಿ ಆ ವರ್ಷದ ಪಟ್ಟಿಯನ್ನು ತೆರೆದು, ಸಂಸ್ಥೆಯ ಹೆಸರಿನ ಮುಂದೆ ಆ ಕೋರ್ಸು ಇದೆಯೇ ಎಂದು ಓದಬೇಕು. ಜಾಹೀರಾತಿನಲ್ಲಿರುವ ಮಾನ್ಯತೆಯ ಪತ್ರ ಎಷ್ಟೇ ಅಂದವಾಗಿರಲಿ, ಮೂಲವನ್ನು ನೋಡದೆ ಪಾಠವನ್ನು ಒಪ್ಪದಿರುವುದು ಸಂಶೋಧನೆಯ ಮೊದಲ ಶಿಸ್ತು.