ಸ್ಪರ್ಶವೆಲ್ಲ ಸಮ್ಮತಿಯಲ್ಲ

ಶ್ರಾವಣ ಮಾಸದ ಒಂದು ಮುಂಜಾನೆ. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಎಪ್ಪತ್ತು ದಾಟಿದ ಶ್ರಾವಕರೊಬ್ಬರು ಬಸದಿಯ ಪೂಜೆಗೆಂದು 50 ರೂಪಾಯಿಯ ಹೂ ಕೊಂಡು, ಮೊಬೈಲಿನ ಮೂಲಕ ಹಣ ಸಲ್ಲಿಸಲು ಹೊರಟರು. ಹಳೆಯ ಗುಂಡಿಗಳ ಅಭ್ಯಾಸದಿಂದ ಪರದೆಯನ್ನು ಬಲವಾಗಿ ಒತ್ತಿದರು. ಜೊತೆಗಿದ್ದ ಮೊಮ್ಮಗ, “ಒತ್ತಬ್ಯಾಡ್ರಿ ಅಜ್ಜಾ, ಸುಮ್ಮ ಮುಟ್ಟರಿ” ಎಂದ. ಮುಟ್ಟಿದರು. ನಡುಗುವ ಬೆರಳು ಸೊನ್ನೆಯನ್ನು ಎರಡು ಸಲ ತಾಗಿತು. ಕನ್ನಡಕವಿಲ್ಲದ ಕಣ್ಣಿಗೆ ಅದು ಕಾಣಲಿಲ್ಲ; ಗುಪ್ತಸಂಖ್ಯೆಯನ್ನೂ ಒತ್ತಿದ್ದಾಯಿತು.

ಹೂವಿನ ಬುಟ್ಟಿಯ ಪಕ್ಕದಲ್ಲಿದ್ದ ಪುಟ್ಟ ಧ್ವನಿಪೆಟ್ಟಿಗೆಯು ಐನೂರು ರೂಪಾಯಿ ಬಂದಿತೆಂದು ಕನ್ನಡದಲ್ಲಿ ಸಾರಿತು. ಅಕ್ಷರ ಬಾರದ ಹೂವಿನ ಅಜ್ಜಿ ಅದನ್ನು ಕೇಳಿ, “ನಿಂದರ್ರಿ ಯಜಮಾನ್ರ, ರೊಕ್ಕ ಹೆಚ್ಚಿಗಿ ಬಂದೈತ್ರಿ” ಎಂದು 450 ರೂಪಾಯಿಯನ್ನು ಎಣಿಸಿ ಮರಳಿಸಿದಳು. ಮೊಮ್ಮಗ ಮಾತ್ರ, “ನೋಡಿ ಮುಟ್ಟಬಾರದೇನು?” ಎಂದು ಅಜ್ಜನನ್ನೇ ಗದರಿಸಿದ.

ತಪ್ಪು ಅಜ್ಜನದೊಂದೇ ಎನ್ನಬಹುದೆ?

ಆಚಾರ್ಯ ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಮತಿಜ್ಞಾನಕ್ಕೆ ಅವಗ್ರಹ, ಈಹಾ, ಅವಾಯ, ಧಾರಣಾ ಎಂಬ ನಾಲ್ಕು ಹಂತಗಳನ್ನು ಹೇಳುತ್ತದೆ. ಮೊದಲು ವಸ್ತುವಿನ ಸಾಮಾನ್ಯ ಗ್ರಹಣ, ಬಳಿಕ ಅದರ ವಿಶೇಷವನ್ನರಿಯುವ ಅಪೇಕ್ಷೆ, ಆಮೇಲೆ ನಿಶ್ಚಯ, ಕೊನೆಗೆ ನೆನಪು. ಸ್ಪರ್ಶವು ಏಕೇಂದ್ರಿಯ ಜೀವಿಗೂ ಉಂಟು. ಆದರೆ ಅದು ಜ್ಞಾನದ ಬಾಗಿಲು ಮಾತ್ರ, ನಿಶ್ಚಯವಲ್ಲ. ಪರದೆಯಾದರೋ ಬೆರಳು ತಾಗಿದಾಗ ಉಂಟಾಗುವ ವಿದ್ಯುತ್ತಿನ ವ್ಯತ್ಯಾಸವನ್ನಷ್ಟೇ ಅರಿಯುತ್ತದೆ. ಬೆರಳು ಬಯಸಿ ಮುಟ್ಟಿತೋ, ನಡುಗಿ ತಾಗಿತೋ ಎಂಬ ವಿವೇಚನೆ ಅದಕ್ಕಿಲ್ಲ. ಆ ವಿವೇಚನೆಗೆ ಎಡೆಮಾಡಿಕೊಡುವುದು ಯಂತ್ರವನ್ನು ರೂಪಿಸುವವರ ಹೊಣೆ.

ಮಾನವ-ಗಣಕ ಸಂಬಂಧವನ್ನು ಅಭ್ಯಸಿಸುವ ಸಂಶೋಧಕರು ಈ ಹೊಣೆಯನ್ನು ಅರಿಯದವರಲ್ಲ. ಗುರಿ ಚಿಕ್ಕದಾದಷ್ಟೂ ದೂರವಾದಷ್ಟೂ ಕೈ ಅದನ್ನು ತಲುಪಲು ಹೆಚ್ಚು ಕಾಲ ಬೇಕೆಂಬುದನ್ನು ಅಮೆರಿಕದ ಮನೋವಿಜ್ಞಾನಿ ಪಾಲ್ ಫಿಟ್ಸ್ 1954ರಲ್ಲಿಯೇ ಗಣಿತದಿಂದ ತೋರಿಸಿದರು. ಪರದೆಯ ಗುಂಡಿಗಳ ಅಳತೆಯನ್ನು ನಿರ್ಧರಿಸುವಾಗ ಇಂದಿಗೂ ಆ ನಿಯಮವೇ ಆಧಾರ. ನಮ್ಮ ನಾಡಿನಲ್ಲಿಯೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಎನ್‌ಕೋರ್ ಸಂಸ್ಥೆಯ ತಂತ್ರಜ್ಞರೊಡಗೂಡಿ ಸಿಂಪ್ಯೂಟರ್ ಎಂಬ ಅಂಗೈ ಗಣಕವನ್ನು ರೂಪಿಸಿ, 2001ರಲ್ಲಿ ಲೋಕದ ಮುಂದಿಟ್ಟರು. ಅದಕ್ಕೆ ಕೀಲಿಮಣೆ ಇರಲಿಲ್ಲ. ಕಡ್ಡಿಯಿಂದ ಮುಟ್ಟಿದರೆ ಸಾಕು. ಬರಹವನ್ನು ಕನ್ನಡವೇ ಮೊದಲಾದ ಭಾಷೆಗಳಲ್ಲಿ ಓದಿ ಹೇಳುವ ಏರ್ಪಾಡೂ ಇತ್ತು. 2004ರಲ್ಲಿ ಬಂದ ಅಮಿಡಾ ಸಿಂಪ್ಯೂಟರ್ ಕೈಯ ಓಲಾಟವನ್ನೂ ಗ್ರಹಿಸುತ್ತಿತ್ತು. ಮಾರುಕಟ್ಟೆಯಲ್ಲಿ ಅದು ನೆಲೆಯೂರಲಿಲ್ಲ. ಆದರೂ ಓದುಬರಹ ಬಾರದವರನ್ನು ಮನಸ್ಸಿನಲ್ಲಿಟ್ಟು ಯಂತ್ರವನ್ನು ಕಟ್ಟಹೊರಟ ಆ ದೃಷ್ಟಿ ಸ್ಮರಣೀಯ.

ಕಾಲಿಡುವ ಮುನ್ನ ನೆಲವನ್ನು ನೋಡುವುದು ಈರ್ಯಾಸಮಿತಿ. ವಸ್ತುವನ್ನು ಎತ್ತುವಾಗ, ಇಡುವಾಗ ಎಚ್ಚರದಿಂದಿರುವುದು ಆದಾನನಿಕ್ಷೇಪಣ ಸಮಿತಿ. ಮುನಿಗಳಿಗೆ ವಿಹಿತವಾದ ಈ ಎಚ್ಚರದ ಒಂದಂಶವಾದರೂ ಇಂದು ಬೆರಳಿಗೂ ಬೇಕು, ಬೆರಳಿಗಾಗಿ ಯಂತ್ರ ರಚಿಸುವವರಿಗೂ ಬೇಕು. ಬಸದಿಗಳಲ್ಲಿ ಕಾಣಿಕೆಗಾಗಿ ಸಂಕೇತಫಲಕ ತೂಗುಹಾಕುವ ಟ್ರಸ್ಟುಗಳು ಅದರ ಬಳಿ ಒಂದು ಆಸನವನ್ನೂ, ಮೊತ್ತವನ್ನು ಗಟ್ಟಿಯಾಗಿ ಓದಿ ಹೇಳುವ ಒಬ್ಬ ತರುಣನನ್ನೂ ಇರಿಸಿದರೆ ವೃದ್ಧರಿಗೆ ಮಹದುಪಕಾರವಾದೀತು. ವೃದ್ಧರು ಪ್ರಮಾದದಿಂದ ಕೊಟ್ಟುದು ದಾನವೆನಿಸದು.

ಆ ಹಿರಿಯರು ಈಗ ಮೊತ್ತವನ್ನು ಬಾಯಿಬಿಟ್ಟು ಓದಿಯೇ ಬೆರಳಿಡುತ್ತಾರೆ. ಮೊಮ್ಮಗ ಗದರಿಸದೆ ಕಾಯುತ್ತಾನೆ.