ವಿಷ್ಣುವಿನ ಎದುರು

“ನಾಳೆ ವಿಷ್ಣು ದೇವಸ್ಥಾನ ನೋಡಿ ಬರೋಣ, ಅಪ್ಪ” ಎಂದ ಮಗ. ಅಮೆರಿಕಕ್ಕೆ ಬಂದು ವಾರವಾಗಿದ್ದರೂ ನಮ್ಮಿಬ್ಬರ ಮಾತು ಊಟ, ಚಳಿಗಳನ್ನು ದಾಟಿರಲಿಲ್ಲ. ತಾಯಿಯ ಕೊನೆಗಾಲಕ್ಕೆ ಅವನು ಬರಲಿಲ್ಲವೆಂಬ ಮುಳ್ಳು ನನ್ನಲ್ಲಿತ್ತು. ಅದು ಅವನಿಗೂ ಗೊತ್ತಿತ್ತು. ಅಂತೂ ಬೆಳಗ್ಗೆ ಸ್ನಾನ ಮುಗಿಸಿ, ಚೀಲದಲ್ಲಿ ಒಂದು ತೆಂಗಿನಕಾಯಿಯನ್ನೂ ಇಟ್ಟುಕೊಂಡು ಕಾರು ಹತ್ತಿದೆ.

ಅರಿಜೋನಾದ ಗ್ರ್ಯಾಂಡ್ ಕ್ಯಾನ್ಯನ್ ಕಮರಿಯ ದಕ್ಷಿಣದ ಅಂಚಿನಲ್ಲಿ ಇಳಿದರೆ ಗುಡಿಯೂ ಇಲ್ಲ, ಗಂಟೆಯೂ ಇಲ್ಲ! ಕೆಳಗೆ ಒಂದು ಮೈಲಿ ಆಳದ ಬರಡು ಕಮರಿ. ಆಚೆ, ಸಮುದ್ರಮಟ್ಟಕ್ಕಿಂತ ಏಳೂವರೆ ಸಾವಿರ ಅಡಿ ಎತ್ತರದ ಕಲ್ಲಿನ ಶಿಖರ. ಅದೇ ‘ವಿಷ್ಣು ಟೆಂಪಲ್’. 1880ರ ಸುಮಾರಿಗೆ ಇಲ್ಲಿ ಸಮೀಕ್ಷೆ ಮಾಡಿದ ಭೂವಿಜ್ಞಾನಿ ಕ್ಲಾರೆನ್ಸ್ ಡಟನ್, ಅದರಲ್ಲಿ ಪೂರ್ವದೇಶದ ಪಗೋಡವೊಂದನ್ನು ಕಂಡು ಇಟ್ಟ ಹೆಸರು. ಬ್ರಹ್ಮ, ಶಿವರ ಹೆಸರಿನ ಶಿಖರಗಳೂ ಇದೇ ಕಮರಿಯಲ್ಲಿವೆ.

“ಕಾಯಿ ಎಲ್ಲಿ ಒಡೀತೀರಿ?” ಎಂದ ಮಗ. ಇಬ್ಬರೂ ನಕ್ಕೆವು.

ಈ ಗೋಪುರವನ್ನು ಯಾರೂ ಕಟ್ಟಲಿಲ್ಲ. ಸುತ್ತಲಿನದೆಲ್ಲ ಹೋಗಿ ಇದು ಉಳಿಯಿತು. ಕೊಲೊರಾಡೊ ನದಿ ಕಳೆದ ಐವತ್ತು ಅರವತ್ತು ಲಕ್ಷ ವರ್ಷಗಳಲ್ಲಿ ಆಳಕ್ಕೆ ಕೊರೆಯಿತು. ಮಳೆ, ಹಿಮ, ತೊರೆಗಳು ಅಗಲ ಮಾಡಿದವು. ಗಟ್ಟಿ ಪದರ ಗೋಡೆಯಾಗಿ ನಿಂತಿತು, ಮೆದುವಾದದ್ದು ಇಳಿಜಾರಾಯಿತು. ಮೇಲಿನ ಬಿಳುಪು ಮರಳುಗಲ್ಲು, 27 ಕೋಟಿ ವರ್ಷಗಳಿಗೂ ಹಿಂದಿನ ಮರಳುಗಾಡಿನ ದಿಬ್ಬಗಳು ಗಟ್ಟಿಯಾದದ್ದು. ಕೆಳಗಿನ ಕೆಂಪು ಗೋಡೆ ಹುಟ್ಟಾ ಕೆಂಪಲ್ಲ. ಬೂದು ಸುಣ್ಣಕಲ್ಲಿಗೆ ಮೇಲಿನ ಪದರಗಳ ಕಬ್ಬಿಣದಂಶ ನೀರಿನೊಡನೆ ಇಳಿದು ಬಳಿದ ಬಣ್ಣ. ಕಮರಿಯ ತಳದ ಕಪ್ಪು ಶಿಲೆಗೆ ಸುಮಾರು 170 ಕೋಟಿ ವರ್ಷ. ಅದಕ್ಕೂ ವಿಷ್ಣುವಿನದೇ ಹೆಸರು.

“ಅಲ್ಲಿರೋ ಬಿಳಿ ಪದರಾನೇ ನಮ್ಮ ಕಾಲ ಕೆಳಗೂ ಇದೆ, ಅಪ್ಪ. ಒಂದು ಕಾಲಕ್ಕೆ ಎಲ್ಲ ಕೂಡಿಕೊಂಡೇ ಇತ್ತು.”

ನಾನು ಆ ಪದರವನ್ನು ಕಣ್ಣಿನಿಂದಲೇ ಹಿಂಬಾಲಿಸಿದೆ. ಇತ್ತ ಕಡಿದಿದೆ, ನಡುವೆ ಬಯಲು, ಅತ್ತ ಅದೇ ಮಟ್ಟದಲ್ಲಿ ಮತ್ತೆ ಹೊರಟಿದೆ.

ಮಗ ಶಿಖರದ ಕಡೆಗೇ ನೋಡುತ್ತ, “ಬರಬೇಡ ಅಂತ ಅಮ್ಮಾನೇ ಹೇಳಿದ್ದು” ಎಂದ. “ಬಂದರೆ ವೀಸಾ ತೊಂದರೆಯಾಗಿ ಕೆಲಸ ಹೋಗುತ್ತೆ ಅಂತ ಅವಳಿಗೆ ಗೊತ್ತಿತ್ತು. ನಿಮಗೆ ಹೇಳಬೇಡ ಅಂದಿದ್ದಳು.”

ನನಗೆ ಏನು ಹೇಳಬೇಕೋ ತೋಚಲಿಲ್ಲ. “ಗಾಳಿ ಜೋರಾಗಿದೆ, ಕಿವಿ ಮುಚ್ಚಿಕೋ” ಎಂದೆ.

ಕಾಯಿಯನ್ನು ಮನೆಗೆ ತಂದು ಒಡೆದೆವು. ಅವಳು ಮಾಡುತ್ತಿದ್ದಂತೆಯೇ ಚಟ್ನಿ ಮಾಡಬೇಕೆಂದು ಹೊರಟು, ಇಂಗು ಹಾಕುತ್ತಿದ್ದಳೋ ಇಲ್ಲವೋ ಎಂದು ರಾತ್ರಿ ಬಹಳ ಹೊತ್ತು ವಾದಿಸಿದೆವು.