ಕಾಡಿನ ಉರುವಲು

ಕಾಡಿಗೆ ಕಿಚ್ಚು ಬಿದ್ದಿತೆಂದು ಕೇಳಿದೊಡನೆ, ಹಚ್ಚಿದವನಾರೆಂದು ಎಲ್ಲರೂ ವಿಚಾರಿಸುತ್ತಾರೆ. ಉರಿದುದೇನೆಂದು ವಿಚಾರಿಸುವವರು ವಿರಳ. ನನಗಾದರೋ ಈ ಎರಡನೆಯ ಪ್ರಶ್ನೆಯೇ ಹೆಚ್ಚಿನದೆಂದು ತೋರುತ್ತದೆ. ನಾನು ಮಿರ್ಲೆಯವನು, ನಾಲೆಯ ನೀರಿನಿಂದ ಬತ್ತ ಬೆಳೆಯುವ ಸೀಮೆಯವನು. ನಮ್ಮ ರೈತನು ಬೇಸಗೆಯಲ್ಲಿ ಬದುವಿನ ಒಣಹುಲ್ಲಿಗೆ ಬೆಂಕಿಯಿಡುವಾಗ ಗಾಳಿ ಏಳುವ ಮುನ್ನ, ಹೊತ್ತಾರೆಯೇ ಇಡುತ್ತಾನೆ. ಬಡಿದು ಆರಿಸಲು ಹಸಿ ಹೊಂಗೆಯ ಟೊಂಗೆಯೊಂದು ಕೈಯಲ್ಲಿರುತ್ತದೆ. ಮೆದೆಯ ಬಳಿಯಲ್ಲಿ ಮಾತ್ರ ಅವನು ಬೆಂಕಿಯನ್ನು ನಂಬುವುದಿಲ್ಲ. ಹುಲ್ಲನ್ನು ಕುಡುಗೋಲಿನಿಂದ ಕೊಯ್ದೇ ತೆಗೆಯುತ್ತಾನೆ.

ನಮ್ಮೂರಿನಿಂದ ಹುಣಸೂರನ್ನು ದಾಟಿ ನೈರುತ್ಯಕ್ಕೆ ನಡೆದರೆ ನಾಗರಹೊಳೆಯ ಕಾಡು. ಅದರ ಮೂಡಲ ಭಾಗವು ತೇಗ, ಮತ್ತಿ, ದಿಂಡಿಗಗಳ ಒಣಸೀಮೆ. ಶಿವರಾತ್ರಿಯ ವೇಳೆಗೆ ಎಲೆಯೆಲ್ಲ ಉದುರಿ ನೆಲದ ತುಂಬ ತರಗು ಹಾಸಿರುತ್ತದೆ. ಬರಿಯ ತರಗು ಉರಿದರೆ ಜ್ವಾಲೆ ಸಾಮಾನ್ಯವಾಗಿ ಕುಳ್ಳಾಗಿರುತ್ತದೆ. ಬಲಿತ ಮರದ ತೊಗಟೆ ಅದನ್ನು ತಾಳಿಕೊಳ್ಳಬಲ್ಲುದು. ಆದರೆ ಈಗ ತರಗಿನ ಮೇಲೆ ಲಂಟಾನವಿದೆ. ಹೂವಿನ ಚೆಲುವಿಗಾಗಿ 19ನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಉಷ್ಣಸೀಮೆಯಿಂದ ಭಾರತಕ್ಕೆ ತಂದ ಗಿಡವಿದು. ಆಳೆತ್ತರವನ್ನು ಮೀರಿ ಬೆಳೆದು, ಮರವನ್ನಾತುಕೊಂಡು ಏರಿ, ಒಣಗಿದಾಗ ನೆಲದ ಕಿಚ್ಚನ್ನು ಕೊಂಬೆಗೆ ಮುಟ್ಟಿಸುವ ಏಣಿಯಾಗುತ್ತದೆ. 2017ರ ಫೆಬ್ರವರಿಯಲ್ಲಿ ಬಂಡೀಪುರದ ಕಿಚ್ಚನ್ನು ಆರಿಸಹೋದ ಅರಣ್ಯ ರಕ್ಷಕನೊಬ್ಬನು ಅದರಲ್ಲಿಯೇ ಮಡಿದನು. 2019ರ ಫೆಬ್ರವರಿಯಲ್ಲಿ ಗೋಪಾಲಸ್ವಾಮಿ ಬೆಟ್ಟದ ಸುತ್ತಿನಲ್ಲಿ ಕೆಲವೇ ದಿನಗಳೊಳಗೆ ಹತ್ತು ಸಾವಿರ ಎಕರೆಗೂ ಮಿಕ್ಕಿ ಸುಟ್ಟಿತು.

ಅರಣ್ಯ ಇಲಾಖೆಯವರು ಸುಮ್ಮನೆ ಕುಳಿತವರಲ್ಲ. ಚಳಿಗಾಲದಲ್ಲಿಯೇ ದಾರಿಗಳ ಇಕ್ಕೆಲದ ಹುಲ್ಲು ಪೊದೆಗಳನ್ನು ಸವರಿ, ಒಣಗಿಸಿ, ಕಾವಲಿಟ್ಟು ಸುಟ್ಟು ಬೆಂಕಿರೇಖೆಗಳನ್ನು ಮಾಡುತ್ತಾರೆ. ಇದು ಬೇಕಾದುದೇ. ಆದರೆ ರೇಖೆಗಳ ನಡುವೆ ಬೆಳೆದು ನಿಂತ ಉರುವಲಿಗೆ ರೇಖೆಯೇನು ಮಾಡೀತು? ಬಿರುಗಾಳಿಯಲ್ಲಿ ಕಿಡಿಯು ಅದನ್ನು ಹಾರಿಯೇ ಹೋಗುತ್ತದೆ.

ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಇದಕ್ಕೆ ಬೇರೊಂದು ಉಪಾಯವನ್ನು ಬಲ್ಲವರು. ಬೇಸಗೆಯ ಮೊದಲಲ್ಲಿ, ನೆಲದಲ್ಲಿ ಇನ್ನೂ ತೇವವಿರುವಾಗಲೇ ಅವರು ಹಚ್ಚುತ್ತಿದ್ದ ಸಣ್ಣ ಕಿಚ್ಚಿಗೆ ತರಗು ಬೆಂಕಿಯೆಂದು ಹೆಸರು. ಅದು ನೆಲ್ಲಿಯ ಮರಕ್ಕೆ ಹತ್ತುವ ಬಂದಳಿಕೆಯನ್ನೂ ಲಂಟಾನದ ಎಳೆ ಗಿಡಗಳನ್ನೂ ಹತ್ತಿಕ್ಕುತ್ತಿತ್ತೆಂಬುದು ಅವರ ಅನುಭವ. 1974ರಲ್ಲಿ ಆ ಬೆಟ್ಟವು ವನ್ಯಧಾಮವಾಯಿತು, ಬೆಂಕಿ ನಿಷಿದ್ಧವಾಯಿತು. ಸಂಶೋಧಕರು 1997ರಲ್ಲಿ ಪರೀಕ್ಷಿಸಿದ ನೆಲತುಣುಕುಗಳಲ್ಲಿ ನೂರಕ್ಕೆ 41ರಲ್ಲಿ ಲಂಟಾನವಿದ್ದಿತು, 2008ರಲ್ಲಿ 81ರಲ್ಲಿ. ಬೆಂಕಿಯ ನಿಷೇಧವೊಂದೇ ಇದಕ್ಕೆ ಕಾರಣವೆಂದು ನಾನು ಹೇಳಲಾರೆ. ಆದರೆ ಸೋಲಿಗರ ಮಾತನ್ನು ಮೂಢನಂಬಿಕೆಯೆಂದು ತಳ್ಳಿಬಿಡುವುದೂ ಸಾಧ್ಯವಿಲ್ಲ. ಅಮೆರಿಕದ ಪಡುವಣ ಸೀಮೆಯ ಪೈನ್ ಕಾಡುಗಳಲ್ಲಿಯೂ ಅಲ್ಲಿನ ಅರಣ್ಯ ಇಲಾಖೆಯು, ಕಂಡ ಪ್ರತಿಯೊಂದು ಕಿಚ್ಚನ್ನೂ ಮರುದಿನ ಬೆಳಗಿನ ಹತ್ತು ಗಂಟೆಯೊಳಗೆ ಹಿಡಿತಕ್ಕೆ ತರಬೇಕೆಂದು 1935ರಲ್ಲಿ ಕಟ್ಟಳೆ ಮಾಡಿತು. ಕಾಡು ಉರುವಲಿನಿಂದ ತುಂಬಿತು. ಈಗ ಅವರೇ ಅಲ್ಲಿ ಹದವರಿತು ಬೆಂಕಿಯಿಡುತ್ತಿದ್ದಾರೆ.

ಹಾಗಾದರೆ ನಾಳೆಯೇ ತರಗು ಬೆಂಕಿಯನ್ನು ಮರಳಿ ತರಬಹುದೆ? ತರಲಾಗದು. ಲಂಟಾನದ ಕೆಳಗೆ ಹಚ್ಚಿದುದು ಸಣ್ಣ ಕಿಚ್ಚಾಗಿ ಉಳಿಯದು. ಸುಟ್ಟ ಬುಡವೂ ಮತ್ತೆ ಚಿಗುರುತ್ತದೆ. ಮೆದೆಯ ಬಳಿಯ ರೈತನಂತೆ ಇಲ್ಲಿ ಕುಡುಗೋಲೇ ಮೊದಲಾಗಬೇಕು. ದೆಹಲಿ ವಿಶ್ವವಿದ್ಯಾನಿಲಯದ ಪ್ರೊಫೆಸರ್ ಸಿ. ಆರ್. ಬಾಬು ಅವರು ತೋರಿಸಿದ ಕ್ರಮದಲ್ಲಿ ಬುಡವನ್ನು ನೆಲಮಟ್ಟದಿಂದ ಕೆಳಗೆ ಕಡಿದು, ಗಿಡವನ್ನು ತಲೆಕೆಳಗಾಗಿ ಇಡುತ್ತಾರೆ. ಮಲೆಮಹದೇಶ್ವರ ಬೆಟ್ಟದಲ್ಲಿ 2004ರಿಂದೀಚೆಗೆ ಲಂಟಾನದ ಕಡ್ಡಿಯಿಂದ ಕುರ್ಚಿ ಮೇಜುಗಳನ್ನು ಹೆಣೆಯುವ ಕಸುಬನ್ನು ಕಲಿಸಿದ್ದಾರೆ. ಸೊಗಸಾದ ಕೆಲಸ; ಆದರೆ ಕಾಡಿನ ಲೆಕ್ಕದಲ್ಲಿ ರಾವಣನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.

ಈ ಕೆಲಸಕ್ಕೆ ಬೇಕಾದ ಕೈಗಳು ದೂರವೇನೂ ಇಲ್ಲ. ನಾಗರಹೊಳೆಯ ಹಾಡಿಗಳಿಂದ ಹೊರಬಂದ ಕುಟುಂಬಗಳು ಹುಣಸೂರು ತಾಲ್ಲೂಕಿನ ನಾಗಾಪುರದಲ್ಲಿವೆ. ಜೇನುಕುರುಬರು ಬೇಸಗೆಯ ಕೆಲವು ತಿಂಗಳು ಬೆಂಕಿಯ ಕಾವಲಿಗೆ ಬೇಕಾಗುತ್ತಾರೆ. ಎಲ್ಲಿ, ಯಾವಾಗ, ಎಷ್ಟು ಸುಡಬೇಕೆಂಬ ಆಲೋಚನೆಗೆ ಬೇಡವಾಗುತ್ತಾರೆ. ಬಿಳಿಗಿರಿಯ ಸೋಲಿಗರಿಗಾದರೋ 2011ರಲ್ಲಿ ಸಮುದಾಯದ ಅರಣ್ಯಹಕ್ಕು ದೊರೆಯಿತು. ಇಲ್ಲಿಯೂ ಅಂತಹ ಜನರಿಗೆ ವರ್ಷವಿಡೀ ಕೂಲಿಯನ್ನೂ ಮಾತಿನ ಅಧಿಕಾರವನ್ನೂ ಕೊಡದೆ ಲಂಟಾನವನ್ನು ಗೆಲ್ಲುವ ಬಗೆ ನನಗೆ ಕಾಣದು. ಏಕೆಂದರೆ ಅದು ಒಂದು ಸಲಕ್ಕೆ ಮುಗಿಯುವ ಕೆಲಸವಲ್ಲ. ಹಕ್ಕಿಗಳು ಬೀಜವನ್ನು ತರುತ್ತಲೇ ಇರುತ್ತವೆ. ಮಳೆ ಬಿದ್ದೊಡನೆ ಎಳೆಸಸಿಗಳು ಏಳುತ್ತವೆ. ಎರಡನೆಯ, ಮೂರನೆಯ ವರ್ಷವೂ ಅದೇ ಜಾಗಕ್ಕೆ ಹೋಗಿ, ಹುಲ್ಲು ಬೇರೂರುವವರೆಗೆ, ಕೈಯಿಂದಲೇ ಕೀಳಬೇಕು.